ಹಂಚು ಒಡೆದದ್ದು ಸಾಕು, ಪಾಯಿಂಟ್ ಹೊಡೆಯೋಣ

ಹೋದ ತಿಂಗಳು ಸಿರುಗುಪ್ಪದಿಂದ ಬಳ್ಳಾರಿಗೆ ಬರೋ ಬಸ್ಸಲ್ಲಿ ನಮ್ಮ ಬ್ಯಾಗಿನಿಂದ ಹೊರಗೆ ಚಾಚಿಕೊಂಡಿದ್ದ ಆರಡಿ ಕೋಲನ್ನು ನೋಡಿ ಕಂಡಕ್ಟರ್, "ಏನ್ರಪ್ಪಾ, ಕುರಿ ಕಾಯೋಕೆ ಹೊಂಟೀರೇನು?" ಅಂದ್ರು. "ಇಲ್ಲ ಅಣ್ಣ, ಕಾಂಪಿಟಿಷನ್" ಅಂದ್ವಿ. "ಕೋಲಿಗೂ ಕಾಂಪಿಟಿಷನ್ನಾ!" ಅಂತ ನಕ್ಕು ಮುಂದಿನ ಸೀಟಿಗೆ ಹೋದರು. ಲಗೇಜ್ ಚಾರ್ಜ್ ಹಾಕಲಿಲ್ಲ, ಅದಕ್ಕೆ ಥ್ಯಾಂಕ್ಸ್. ಆವತ್ತು ಸಂಜೆ ಅದೇ ಕೋಲಿನಿಂದ ನಮ್ಮಲ್ಲೊಬ್ಬ ಚಿನ್ನ ಗೆದ್ದ. ಅವನ ವಿಭಾಗದಲ್ಲಿ ಹೆಸರು ಕೊಟ್ಟವರು ಇಬ್ಬರು. ಇನ್ನೊಬ್ಬನಿಗೆ ಜ್ವರ, ಬಂದಿರಲಿಲ್ಲ.

ಆ ಪದಕ ಈಗ ಹಾಸ್ಟೆಲ್ ರೂಮಿನಲ್ಲಿ ಕಿಟಕಿ ಬಡಿದುಕೊಳ್ಳದ ಹಾಗೆ ಕಟ್ಟೋಕೆ ಉಪಯೋಗಕ್ಕೆ ಬರ್ತಿದೆ. ರಿಬ್ಬನ್ ಗಟ್ಟಿ ಇದೆ.

ನಾವು ಅಂದರೆ ಮೂವರು. ಒಬ್ಬ ಬಳ್ಳಾರಿ ಸಿಟಿಯವನು, ಒಬ್ಬ ಸಿರುಗುಪ್ಪದವನು, ಒಬ್ಬಳು ಕುರುಗೋಡಿನವಳು. ಮೂವರೂ ಇಂಗ್ಲಿಷ್ ಮೀಡಿಯಂ. 'ಎಪ್ಪತ್ತೊಂಬತ್ತು' ಅಂದರೆ ಇವತ್ತಿಗೂ ಒಂದು ಸೆಕೆಂಡ್ ತಲೆ ಕೆರೆದುಕೊಳ್ಳಬೇಕು. ಆದರೆ 'ಹಾನಾ, ದುಲ್, ಸೆತ್, ನೆತ್, ದಾಸೊತ್' ಅಂತ ಕೊರಿಯನ್ ಭಾಷೆಯಲ್ಲಿ ಎಣಿಸು ಅಂದರೆ ನಿದ್ದೆಯಲ್ಲೂ ಎಣಿಸ್ತೀವಿ. ಮೊದಲ ಸೆಮ್‌ನಲ್ಲಿ ಕ್ಯಾಂಟೀನ್ ಕ್ಯೂನಲ್ಲಿ ಒಬ್ಬ ಸುಮ್ಮನೆ 'ಚಾರ್ಯೊತ್!' ಅಂದಾಗ ಇನ್ನಿಬ್ಬರ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಹಾಗೆ ಸಿಕ್ಕವರು ನಾವು.

ಮಾತಾಡುತ್ತಾ ಹೋದ ಹಾಗೆ ಮೂವರ ಕಥೆಯೂ ಒಂದೇ ಅಂತ ಗೊತ್ತಾಯಿತು. ಬಳ್ಳಾರಿಯವನದು ಶಾಲೆಯ ಮೈದಾನದ ಕ್ಲಾಸು, ಬೆಳಗ್ಗೆ ಐದೂವರೆಗೆ. ಏಳೂವರೆ ದಾಟಿದರೆ ಬಳ್ಳಾರಿ ಬಿಸಿಲು ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಬಿಳಿ ಡೋಬೋಕ್ ಮೂರು ತಿಂಗಳಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಕೆಂಪು ಧೂಳಿನ ಕೃಪೆ. ಸಿರುಗುಪ್ಪದವನದು ಕಲ್ಯಾಣ ಮಂಟಪ. ಮದುವೆ ಸೀಸನ್ ಬಂದರೆ ಕ್ಲಾಸು ಬಂದ್. ಒಂದು ಸಲ ಬೆಲ್ಟ್ ಟೆಸ್ಟ್ ನಡೀತಿರುವಾಗಲೇ ಹಿಂದುಗಡೆ ಅಡುಗೆಯವರು ಬದನೆಕಾಯಿ ಇಳಿಸುತ್ತಿದ್ದರಂತೆ. ಕುರುಗೋಡಿನವಳದು ಒಂದು ಮನೆಯ ಮಾಳಿಗೆ. ಎದುರಿಗೆ ಬೆಟ್ಟ, ಕೆಳಗೆ ಸಿಮೆಂಟ್ ನೆಲ, ಮ್ಯಾಟ್ ಇಲ್ಲ. ಸರ್ ಬಳ್ಳಾರಿಯಿಂದ ವಾರಕ್ಕೆರಡು ದಿನ ಬಸ್ಸಲ್ಲಿ ಬರುತ್ತಿದ್ದರು. ಬಸ್ ತಪ್ಪಿದರೆ ದೊಡ್ಡ ಹುಡುಗಿಯೇ ಚಿಕ್ಕವರಿಗೆ ಹೇಳಿಕೊಡೋದು. ಆ ದೊಡ್ಡ ಹುಡುಗಿಗೆ ಹನ್ನೆರಡು ವರ್ಷ.

ಎದೆಗೆ ಕಟ್ಟಿಕೊಳ್ಳುವ ರಕ್ಷಾಕವಚಕ್ಕೆ ಟೇಕ್ವಾಂಡೊದಲ್ಲಿ 'ಹೋಗು' ಅಂತಾರೆ. ಕೊರಿಯನ್ ಪದ. ಸರ್ ಮೊದಲ ದಿನ "ಹೋಗು, ಹೋಗು" ಅಂತ ಕೈ ತೋರಿಸಿದಾಗ ಸಿರುಗುಪ್ಪದವನು ಚಪ್ಪಲಿ ಹಾಕಿಕೊಂಡು ನಿಜವಾಗಿಯೂ ಮನೆಗೆ ಹೊರಟುಬಿಟ್ಟಿದ್ದ.

ಮೂವರೂ ಬಿಟ್ಟಿದ್ದು ಒಂಬತ್ತನೇ ಕ್ಲಾಸಿನ ಕೊನೆಗೆ. ಎಸ್ಎಸ್ಎಲ್‌ಸಿ, ಆಮೇಲೆ ಪಿಯುಸಿ, ಆಮೇಲೆ ಸಿಇಟಿ. ಮನೆಯಲ್ಲಿ ಅಂದದ್ದೂ ಒಂದೇ ಮಾತು: "ಬೆಲ್ಟ್ ಬಂತಲ್ಲ, ಇನ್ನೇನು?" ಇದನ್ನು ಅಪ್ಪ ಅಮ್ಮನ ಮೇಲೆ ಹಾಕಿ ಸುಮ್ಮನಾಗೋದು ಸುಲಭ. ನಮ್ಮ ಅಭಿಪ್ರಾಯ ಬೇರೆ. ಅವರು ಹಾಗೆ ಕೇಳಿದ್ದು ಸರಿಯಾಗಿಯೇ ಇತ್ತು. ನಮಗೆ ಅಲ್ಲಿಯವರೆಗೆ ಸಿಕ್ಕಿದ್ದು ಬೆಲ್ಟು, ಸರ್ಟಿಫಿಕೇಟು, ಆ್ಯನ್ಯುಯಲ್ ಡೇ ಫೋಟೋ. ಆಟ ಸಿಕ್ಕಿರಲಿಲ್ಲ. ಮುಗಿದುಹೋಗೋ ವಸ್ತು ಕೊಟ್ಟರೆ ಮುಗೀತು ಅಂತಾರೆ, ಮತ್ತೇನು.

ಆ್ಯನ್ಯುಯಲ್ ಡೇ ಅಂದಾಗ ಹಂಚಿನ ವಿಷಯ ಹೇಳಲೇಬೇಕು. ಹತ್ತು ಹಂಚು ಒಂದರ ಮೇಲೊಂದು ಇಟ್ಟು ಒಂದೇ ಏಟಿಗೆ ಒಡೆಯೋದು, ಎದುರಿಗೆ ಚಪ್ಪಾಳೆಯೋ ಚಪ್ಪಾಳೆ. ಈಗ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದಿದ ಮೇಲೆ ಗುಟ್ಟು ಬಿಚ್ಚಬಹುದು. ಎರಡು ಹಂಚಿನ ನಡುವೆ ಪೆನ್ಸಿಲ್ ತುಂಡು ಇಟ್ಟರೆ ಪ್ರತಿ ಹಂಚೂ ಬೇರೆ ಬೇರೆ ಸಿಂಪ್ಲಿ ಸಪೋರ್ಟೆಡ್ ಬೀಮ್. ಮೇಲಿನದು ಮುರಿದು ಕೆಳಗಿನದರ ಮೇಲೆ ಬೀಳುತ್ತೆ, ಅದು ಇನ್ನೊಂದರ ಮೇಲೆ. ಪೆನ್ಸಿಲ್ ತೆಗೆದು ಹತ್ತನ್ನೂ ಅಂಟಿಸಿ ಇಟ್ಟರೆ ದಪ್ಪ ಒಂದೇ ಬೀಮ್ ಥರ ಆಗುತ್ತೆ, ಆಗ ಮುರಿಯೋದು ನಿಮ್ಮ ಕೈ. ಬಿಸಿಲಿಗೆ ಚೆನ್ನಾಗಿ ಒಣಗಿಸಿದರಂತೂ ಇನ್ನೂ ಸಲೀಸು, ಬಳ್ಳಾರಿಯಲ್ಲಿ ಅದಕ್ಕೇನು ಕೊರತೆ. ಇದರಲ್ಲಿ ಅಭ್ಯಾಸವೇ ಬೇಡ ಅಂತಲ್ಲ, ತಪ್ಪು ಹೊಡೆದರೆ ಮೂಳೆ ಹೋಗುತ್ತೆ. ಆದರೆ ಹಂಚು ತಿರುಗಿ ಒದೆಯೋದಿಲ್ಲ.

ತಿರುಗಿ ಒದೆಯುವವರು ಎದುರಿಗೆ ನಿಂತಾಗ ಏನಾಯಿತು ಅನ್ನೋದನ್ನು ಕುರುಗೋಡಿನವಳು ಹೇಳಿದಂತೆಯೇ ಬರೀತೀವಿ. ಎಂಟನೇ ಕ್ಲಾಸಿನಲ್ಲಿ ಅವಳು ಮೊದಲ ಸಲ ದೊಡ್ಡ ಮಟ್ಟದ ಟೂರ್ನಮೆಂಟಿಗೆ ಹೋದಳು. ಅಲ್ಲಿ ಎಲೆಕ್ಟ್ರಾನಿಕ್ ಹೋಗು. ಕಾಲಿನ ಸಾಕ್ಸ್‌ನಲ್ಲಿ ಮ್ಯಾಗ್ನೆಟ್, ಎದೆಗವಚದಲ್ಲಿ ಸೆನ್ಸರ್. ಪಾದ ಸರಿಯಾದ ಜಾಗಕ್ಕೆ ತಾಕಬೇಕು, ತಾಕಿದ ಬಲ ಆ ತೂಕದ ವಿಭಾಗಕ್ಕೆ ಇಟ್ಟ ಮಿತಿ ದಾಟಬೇಕು, ಆಗ ಬೋರ್ಡ್ ಮೇಲೆ ಪಾಯಿಂಟ್. ಎದೆಗೆ ಒದ್ದರೆ 2, ತಿರುಗಿ ಒದ್ದರೆ 4, ತಲೆಗೆ 3, ತಿರುಗಿ ತಲೆಗೆ 5. ಎದೆಗೆ ಗುದ್ದಿದರೆ 1. ಅವಳು ಮಾಳಿಗೆ ಮೇಲೆ ಐದು ವರ್ಷ ಕಲಿತ ಒದೆ ಢಬ್ ಅಂತ ಸದ್ದು ಮಾಡುವ ಒದೆ. ಊರಲ್ಲಿ ಸದ್ದು ಬಂದರೆ ರೆಫ್ರಿ ಪಾಯಿಂಟ್ ಕೊಡ್ತಿದ್ದರು. ಅಲ್ಲಿ ಎಷ್ಟು ಸದ್ದು ಮಾಡಿದರೂ ಬೋರ್ಡ್ ಸುಮ್ಮನಿತ್ತು. ಎದುರಿನ ಹುಡುಗಿ ಮುಂದಿನ ಕಾಲನ್ನು ಕೆಳಗೇ ಇಡದೆ, ಸದ್ದೇ ಇಲ್ಲದೆ, ಪಾದದ ತಳದಿಂದ ಒತ್ತಿ ಒತ್ತಿ 2, 2, 2 ಅಂತ ತಗೊಂಡು ಹೋದಳು. ಬಳ್ಳಾರಿಗೆ ವಾಪಸ್ ಬರೋವರೆಗೂ ಇವಳಿಗೆ ತಾನು ಯಾಕೆ ಸೋತೆ ಅಂತಲೇ ಅರ್ಥವಾಗಿರಲಿಲ್ಲ. ಜೊತೆಗಿದ್ದವರು ಮಷೀನ್ ಸರಿ ಇರಲಿಲ್ಲ ಅಂದರು. ಮಷೀನ್ ಸರಿಯಾಗಿಯೇ ಇತ್ತು.

ಮಷೀನ್ ಬಂದದ್ದಕ್ಕೆ ಕಾರಣವೂ ಇದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ನಿನ ಸಾರಾ ಸ್ಟೀವನ್ಸನ್ ಚೀನಾದ ಚೆನ್ ಝೋಂಗ್ ತಲೆಗೆ ಒದ್ದದ್ದು ಇಡೀ ಸ್ಟೇಡಿಯಂಗೆ ಕಂಡಿತು, ಜಡ್ಜ್‌ಗಳಿಗೆ ಕಾಣಲಿಲ್ಲ. ಅಪೀಲ್ ಮಾಡಿದ ಮೇಲೆ ಫಲಿತಾಂಶವೇ ಉಲ್ಟಾ ಆಯಿತು. 2012ರ ಲಂಡನ್‌ನಲ್ಲಿ ಎದೆಗವಚಕ್ಕೆ ಸೆನ್ಸರ್ ಬಂತು, 2016ರ ರಿಯೊದಲ್ಲಿ ಹೆಲ್ಮೆಟ್‌ಗೂ ಬಂತು. ನಮ್ಮ ತಾಲ್ಲೂಕುಗಳಲ್ಲಿ ಮಾತ್ರ ಆಟ ಇನ್ನೂ ಸದ್ದಿನ ಕಾಲದಲ್ಲೇ ಇದೆ. ವಾರಕ್ಕೆರಡು ದಿನ ಬಸ್ಸಲ್ಲಿ ಬರೋ ಸರ್ ಆ ಸೆಟ್ ಕೊಳ್ಳೋಕೆ ಆಗೋದಿಲ್ಲ. ಟೇಕ್ವಾಂಡೊ ಪದಕದ ಆಟವಾದ 2000ದ ಸಿಡ್ನಿಯಿಂದ 2024ರ ಪ್ಯಾರಿಸ್‌ವರೆಗೆ ಒಲಿಂಪಿಕ್ಸ್ ಅಂಕಣದಲ್ಲಿ ಭಾರತದ ಒಬ್ಬರೂ ಇಳಿದಿಲ್ಲ. ಪ್ಯಾರಾಲಿಂಪಿಕ್ಸ್‌ಗೆ ಹರಿಯಾಣದ ಅರುಣಾ ತನ್ವರ್ ಹೋಗಿ ಬಂದರು, ಟೋಕಿಯೊಗೆ, ಆಮೇಲೆ ಪ್ಯಾರಿಸ್‌ಗೆ. ಅಷ್ಟೇ ನಮ್ಮ ಲೆಕ್ಕ. ಇದಕ್ಕೆ ದೇಶದಲ್ಲಿರೋ ಒಂದಕ್ಕಿಂತ ಹೆಚ್ಚು ಸಂಘಗಳ ಜಗಳವೂ ಕಾರಣ, ಆದರೆ ಆ ಜಗಳ ನಮ್ಮ ಕೈಯಲ್ಲಿಲ್ಲ. ಸೆನ್ಸರ್ ನಮ್ಮ ಕೈಯಲ್ಲಿದೆ. ಅದಕ್ಕೆ ಆಮೇಲೆ ಬರ್ತೀವಿ.

ಕೋಲು, ನಂಚಾಕುಗಳ ಕಥೆ ಇನ್ನೂ ಮಜವಾಗಿದೆ. ನಿಜ ಹೇಳಬೇಕಂದರೆ ಒಲಿಂಪಿಕ್ಸ್ ಟೇಕ್ವಾಂಡೊದಲ್ಲಿ ಆಯುಧವೇ ಇಲ್ಲ, ಕೈ ಕಾಲು ಮಾತ್ರ. ಆದರೂ ನಮ್ಮ ಕಡೆಯ ಬಹಳಷ್ಟು ಕ್ಲಾಸುಗಳಲ್ಲಿ ಜಪಾನಿನ ಒಕಿನಾವಾ ದ್ವೀಪದ ಆಯುಧಗಳನ್ನೂ ಸೇರಿಸಿ ಹೇಳಿಕೊಡ್ತಾರೆ, ಯಾಕಂದರೆ ಬ್ರೂಸ್ ಲೀ ಸಿನಿಮಾ ನೋಡಿದ ಯಾವ ಹುಡುಗನೂ ಪೂಮ್ಸೇ ಕಲಿಯೋಕೆ ಬರೋದಿಲ್ಲ, ನಂಚಾಕು ತಿರುಗಿಸೋಕೆ ಬರ್ತಾನೆ. ನಾವೂ ಹಾಗೇ ಬಂದವರು. ಮೊಣಕೈಗೆ, ಮೊಣಕಾಲಿಗೆ, ಒಂದು ಸಲ ಸ್ವಂತ ಕಿವಿಗೆ ಹೊಡೆದುಕೊಂಡೇ ಕಲಿತವರು.

ಸಿರುಗುಪ್ಪದವನ ಅಜ್ಜಿ ಅವನ ಆಯುಧಗಳ ಚೀಲವನ್ನು ಒಂದು ಸಲ ಬಿಚ್ಚಿ ನೋಡಿದರಂತೆ. ಅದರಲ್ಲಿದ್ದ 'ಕಾಮಾ' ಎತ್ತಿ, "ಇದು ನಮ್ಮ ಕುಡುಗೋಲಲ್ಲೇನಲೇ, ಹಲ್ಲೇ ಇಲ್ಲ" ಅಂದರು. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಒಕಿನಾವಾದ ಕಾಮಾ ಅಂದರೆ ಪೈರು ಕೊಯ್ಯೋ ಕುಡುಗೋಲೇ. ಅಲ್ಲಿ ದೋಣಿಯ ಹುಟ್ಟೂ ಆಯುಧ. ನಂಚಾಕು ಕಾಳು ಬಡಿಯೋ ಕೋಲಿನಿಂದ ಬಂತು ಅಂತ ಹೇಳೋದೂ ರೂಢಿ. ತುಂಗಭದ್ರೆ ದಂಡೆಯಲ್ಲಿ ಭತ್ತ ಬೆಳೆಯೋ ಊರಿನ ಅಜ್ಜಿಗೆ ಇದನ್ನೆಲ್ಲ ವಿವರಿಸಬೇಕಾಗಿಯೇ ಇಲ್ಲ. ಪಕ್ಕದ ಚಿತ್ರದುರ್ಗದಲ್ಲಿ ಓಬವ್ವ ಹಿಡಿದದ್ದು ಏನು? ಒನಕೆ. ಭತ್ತ ಕುಟ್ಟೋದು.

ಇಲ್ಲಿ ನಮಗೊಂದು ಸಿಟ್ಟಿದೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಜಟ್ಟಿಗಳನ್ನು ಕೆತ್ತಿದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಆ ಹಬ್ಬದ ಕುಸ್ತಿಯ ಬಗ್ಗೆ ಬರೆದಿಟ್ಟಿದ್ದಾನೆ. ನಮ್ಮಲ್ಲಿ ಗರಡಿಮನೆ ಇತ್ತು, ದೊಣ್ಣೆವರಸೆ, ಕತ್ತಿವರಸೆ ಇದ್ದವು. ತಮಿಳುನಾಡಿನವರು ತಮ್ಮ ಸಿಲಂಬಂ ಕೋಲನ್ನು 2024ರ ಜನವರಿಯಲ್ಲಿ ತಮ್ಮಲ್ಲೇ ನಡೆದ ಖೇಲೋ ಇಂಡಿಯಾ ಯೂತ್ ಗೇಮ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿ ನಿಲ್ಲಿಸಿದರು. ಪಂಜಾಬಿನ ಗಟ್ಕಾ, ಮಣಿಪುರದ ಥಾಂಗ್-ತಾ, ಕೇರಳದ ಕಳರಿಪಯಟ್ಟು ಅದಕ್ಕೂ ಮೊದಲೇ ಅಲ್ಲಿ ಸೇರಿವೆ. ನಮ್ಮ ದೊಣ್ಣೆವರಸೆ ಎಲ್ಲಿ? ಜಾತ್ರೆ, ಮೆರವಣಿಗೆ, ಮೊಹರಮ್ಮಿನಲ್ಲಿ ನಾಲ್ಕು ಜನ ಹಿರಿಯರ ಕೈಯಲ್ಲಿ. ಅವರ ಹತ್ತಿರ ಹೋಗಿ ಒಂದು ಪಟ್ಟು ಕಲಿತು ಬರೋದು ಬಿಟ್ಟು ನಾವು ಯೂಟ್ಯೂಬ್‌ನಲ್ಲಿ ಒಕಿನಾವಾದ ಕೋಲು ಕಲಿತೆವು. ಸಿಟ್ಟು ಯಾರ ಮೇಲೆ ಅಂತ ಕೇಳಿದರೆ, ಮೊದಲು ನಮ್ಮ ಮೇಲೇ.

ಆಯುಧಗಳ ಸ್ಪರ್ಧೆಯಲ್ಲಿ ನಮಗೆ ಕಂಡ ತೊಂದರೆ ಇನ್ನೊಂದು. ಪೂಮ್ಸೇಯಲ್ಲಿ ಅಂಕಕ್ಕೆ ಲೆಕ್ಕ ಇದೆ: ಒಟ್ಟು 10ರಲ್ಲಿ ನಿಖರತೆಗೆ 4, ಪ್ರಸ್ತುತಿಗೆ 6. ನಿಲುವು ಸ್ವಲ್ಪ ತಪ್ಪಿದರೂ ಕಟ್. ನಾವು ನೋಡಿದ ಸ್ಥಳೀಯ ಆಯುಧ ಸ್ಪರ್ಧೆಗಳಲ್ಲಿ ಅಂತಹ ಲೆಕ್ಕ ಯಾರ ಕೈಯಲ್ಲೂ ಇರಲಿಲ್ಲ. ಎಷ್ಟು ಜೋರಾಗಿ ತಿರುಗಿತು, ಎಷ್ಟು ಜೋರಾಗಿ ಕೂಗಿದ, ಅಷ್ಟೇ. ವಿಭಾಗಗಳನ್ನು ವಯಸ್ಸು, ತೂಕ, ಬೆಲ್ಟು ಅಂತ ಹಂಚಿ ಹಂಚಿ ಕೊನೆಗೆ ಒಬ್ಬೊಬ್ಬರಿಗೆ ಒಂದೊಂದು ಚಿನ್ನ. ಎಂಟ್ರಿ ಫೀ ಕೊಟ್ಟ ಪೋಷಕರಿಗೆ ಖುಷಿ, ಕ್ಲಾಸಿಗೆ ಫ್ಲೆಕ್ಸ್. ಸೋಲು ಅನ್ನೋ ಅನುಭವವೇ ಇಲ್ಲದೆ ಒಂದು ಮಗು ಬ್ಲ್ಯಾಕ್ ಬೆಲ್ಟ್ ಆಗಿಬಿಡುತ್ತೆ. ಆಮೇಲೆ ಕುರುಗೋಡಿನವಳ ಥರ ಒಂದು ದಿನ ಸೈಲೆಂಟ್ ಬೋರ್ಡ್ ಮುಂದೆ ನಿಲ್ಲುತ್ತೆ.

ಹೆಣ್ಣುಮಕ್ಕಳ ಆತ್ಮರಕ್ಷಣೆ ಅನ್ನೋ ಮಾತಿನಲ್ಲೂ ಇದೇ ಗಡಿಬಿಡಿ. ಸರ್ಕಾರಿ ಶಾಲೆಗಳಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಿನ ಯೋಜನೆಯಲ್ಲಿ 3 ತಿಂಗಳು ತರಬೇತಿ ಕೊಡ್ತಾರೆ. ಕೊಡಲಿ, ಏನೂ ಇಲ್ಲದ್ದಕ್ಕಿಂತ ವಾಸಿ, ಮೈ ಚಳಿ ಬಿಡುತ್ತೆ, ಗಂಟಲು ತೆಗೆದು ಕೂಗೋದು ಬರುತ್ತೆ. ಆದರೆ 3 ತಿಂಗಳಲ್ಲಿ ಒಂದು ದೊಲ್ಯೊ ಚಾಗಿ, ಅಂದರೆ ಬೀಸು ಒದೆ, ನಿಂತ ಕಾಲಿನ ಹಿಮ್ಮಡಿ ತಿರುಗಿಸಿ ಸರಿಯಾಗಿ ಒದೆಯೋಕೂ ಬರೋದಿಲ್ಲ. ನಮ್ಮ ಕುರುಗೋಡಿನವಳು ಇದರ ಬಗ್ಗೆ ಖಡಕ್ಕಾಗಿ ಹೇಳ್ತಾಳೆ: "ನನಗೆ ರಕ್ಷಣೆ ಅಂತ ಕಲಿಸಿದರು, ಆಟ ಅಂತ ಕಲಿಸಿದ್ದರೆ ಬಿಡ್ತಿರಲಿಲ್ಲ. ಹುಡುಗರಿಗೆ ಯಾರೂ ಕ್ರಿಕೆಟ್ ಕಲಿ, ಕಷ್ಟಕಾಲಕ್ಕೆ ಆಗುತ್ತೆ ಅನ್ನೋದಿಲ್ಲ."

ಬಳ್ಳಾರಿಯಿಂದ ಗಂಟೆಯೊಳಗಿನ ದಾರಿ, ತೋರಣಗಲ್ಲಿನ ಹತ್ತಿರ ಜಿಂದಾಲ್‌ನವರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಬಾಕ್ಸಿಂಗ್, ಕುಸ್ತಿ, ಜೂಡೋಗೆ ದೇಶದ ಮೂಲೆ ಮೂಲೆಯಿಂದ ಮಕ್ಕಳು ಅಲ್ಲಿಗೆ ಬರ್ತಾರೆ. ನೀರಜ್ ಚೋಪ್ರಾ ಕೂಡ ಅಲ್ಲಿ ತರಬೇತಿ ಪಡೆದವರು. ಆ ಮಟ್ಟದ್ದನ್ನು ನಾವು ಕೇಳ್ತಿಲ್ಲ. ನಾವು ಕೇಳ್ತಿರೋದು ನಮ್ಮ ಕಾಲೇಜಿನ ಇಂಡೋರ್ ಹಾಲ್‌ನ ಒಂದು ಮೂಲೆ, ವಾರಕ್ಕೆ ಮೂರು ಸಂಜೆ, ಹನ್ನೆರಡು ಮ್ಯಾಟ್. ಶಟಲ್ ಆಡೋ ಸೀನಿಯರ್‌ಗಳೇ, ನಿಮ್ಮ ಕೋರ್ಟ್ ಮುಟ್ಟೋದಿಲ್ಲ. ಟೂರ್ನಮೆಂಟಿಗೆ ಹೋದ ದಿನ 85% ಹಾಜರಾತಿ ಲೆಕ್ಕದಲ್ಲಿ ಸ್ವಲ್ಪ ಕರುಣೆ. ಮತ್ತೆ ತಿಂಗಳಿಗೊಂದು ದಿನ ಬಳ್ಳಾರಿಯ ಬೇರೆ ಕಾಲೇಜುಗಳ ಜೊತೆ ಪದಕವೇ ಇಲ್ಲದ ಪಂದ್ಯ. ನಾಲ್ಕು ಜನ ಇಲ್ಲದ ವಿಭಾಗವನ್ನು ಪಕ್ಕದ ವಿಭಾಗದ ಜೊತೆ ಸೇರಿಸಿ ಆಡಿಸೋದು, ಸೋತವರು ಯಾಕೆ ಸೋತರು ಅಂತ ಅಲ್ಲೇ ಕೂತು ವಿಡಿಯೋ ನೋಡೋದು.

ಇನ್ನು ಸೆನ್ಸರ್ ವಿಷಯ. ಪ್ರತಿ ವರ್ಷ ಮಿನಿ ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಲೈನ್ ಫಾಲೋವರ್ ರೋಬೋಟ್ ಎಷ್ಟು ಇರುತ್ತೆ ಅಂತ ನಾವೆಲ್ಲ ನೋಡಿದ್ದೀವಿ. ಗೆರೆ ಒಂದೇ, ರೋಬೋಟ್ ಹದಿನೈದು. ಅದರ ಬದಲು ಈ ಸಲ ಪ್ರಾಕ್ಟೀಸ್‌ಗೆ ಸಾಕಾಗುವಂತಹ ಒಂದು ಹೋಗು ಮಾಡಬಾರದಾ? ಹಳೆಯ ಎದೆಗವಚದೊಳಗೆ ಪೀಜೋ ಡಿಸ್ಕ್‌ಗಳು, ಸಾಕ್ಸ್‌ನಲ್ಲಿ ಚಿಕ್ಕ ಮ್ಯಾಗ್ನೆಟ್, ಅದನ್ನು ಗುರುತಿಸೋಕೆ ಹಾಲ್ ಸೆನ್ಸರ್, ಒಂದು ಇಎಸ್‌ಪಿ32, ಫೋನಿನಲ್ಲಿ ಸ್ಕೋರ್. ಗೊತ್ತಿರೋ ಎತ್ತರದಿಂದ ಮರಳಿನ ಚೀಲ ಬಿಟ್ಟು ಕ್ಯಾಲಿಬ್ರೇಟ್ ಮಾಡಬಹುದು. ಒಲಿಂಪಿಕ್ಸ್ ಗುಣಮಟ್ಟ ಬೇಡ. ಸದ್ದು ಬೇರೆ, ಪಾಯಿಂಟ್ ಬೇರೆ ಅಂತ ಸಿರುಗುಪ್ಪದ ಕಲ್ಯಾಣ ಮಂಟಪದಲ್ಲಿ ಒದೆಯೋ ಹತ್ತು ವರ್ಷದ ಹುಡುಗನಿಗೆ ಗೊತ್ತಾದರೆ ಸಾಕು. ಬಳ್ಳಾರಿ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರ್ ಪಕ್ಕದ ಗುಡ್ಡ ಇನ್ನೂ ಎತ್ತರ ಇರೋದನ್ನು ನೋಡದೆ ಹೋದದ್ದಕ್ಕೆ ಹೈದರಾಲಿ ಅವನನ್ನು ನೇಣಿಗೆ ಹಾಕಿಸಿದ ಅಂತ ನಮ್ಮೂರಲ್ಲಿ ಕಥೆ ಹೇಳ್ತಾರೆ. ನಮ್ಮ ಮೊದಲ ಮಾಡೆಲ್ ಕೈಕೊಟ್ಟರೆ ಅಷ್ಟೆಲ್ಲ ಆಗೋದಿಲ್ಲ, ಗೈಡ್ ಬೈಯಬಹುದು.

ಹಾಲ್ ಸಿಗೋವರೆಗೆ ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಐದೂವರೆಗೆ ವರ್ಕ್‌ಶಾಪ್ ಹಿಂದಿನ ಬೇವಿನ ಮರದ ಹತ್ತಿರ ಇರ್ತೀವಿ. ಮೊದಲೇ ಕಲಿತು ಬಿಟ್ಟವರು ಬನ್ನಿ, ಬೆಲ್ಟ್ ಯಾವ ಬಣ್ಣ ಅಂತ ಕೇಳೋದಿಲ್ಲ. ನಿಮ್ಮ ಊರಲ್ಲಿ ದೊಣ್ಣೆವರಸೆ ಗೊತ್ತಿರೋ ತಾತ ಇದ್ದರೆ ನಂಬರ್ ಕೊಡಿ, ನಾವೇ ಹೋಗ್ತೀವಿ. ಇಸಿಇ ಲ್ಯಾಬಿನಲ್ಲಿ ಮಿಕ್ಕಿರೋ ಪೀಜೋ ಡಿಸ್ಕ್ ಇದ್ದರೆ ಜೇಬಿನಲ್ಲಿ ಹಾಕಿಕೊಂಡು ಬನ್ನಿ, ಆದರೆ ಲ್ಯಾಬ್ ಅಸಿಸ್ಟೆಂಟ್ ಅಣ್ಣನ್ನ ಕೇಳಿ. ಎದೆಗವಚ ಸದ್ಯಕ್ಕೆ ಒಂದೇ ಇದೆ, ಎಡಗಡೆ ಪಟ್ಟಿ ಕಿತ್ತುಹೋಗಿದೆ.