ಗೌನು ಮನೆಯದಾದರೆ ಮಾನ ಹೋಗುತ್ತದೆಯೇ?

ಪುಟ್ಟ ಮಕ್ಕಳಿಗೆ ಮನೆಯಲ್ಲೇ ಬಟ್ಟೆ ಹೊಲಿದು ಹಾಕುವವರನ್ನು ಕಂಡರೆ ಈಗಿನವರಿಗೆ ಎರಡೇ ಅನುಮಾನ. ಒಂದೋ ಇವರ ಕೈಯಲ್ಲಿ ಕಾಸಿಲ್ಲ, ಇಲ್ಲವೇ ಕಾಸಿದ್ದೂ ಬಿಚ್ಚಲು ಮನಸ್ಸಿಲ್ಲ. ಮೂರನೆಯ ಕಾರಣವೊಂದು ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಕಾಮಸಮುದ್ರದ ನಮ್ಮ ಮನೆಯ ಪಡಸಾಲೆಯಲ್ಲಿ ತುಳಿಯುವ ಮಿಷನ್ ಮುಂದೆ ಕೂತು ನಾಲ್ಕು ವರ್ಷದ ಮೊಮ್ಮಗಳಿಗೆ ಗೌನು ಹೊಲಿಯುತ್ತಿದ್ದರೆ ಬೀದಿಯಲ್ಲಿ ಹೋಗುವವರು ಬಾಗಿಲ ಬಳಿ ನಿಂತು ಕೇಳುತ್ತಾರೆ: “ಸಂಬಳ ಬರೋ ಮೇಡಮ್ಮೇ ಇಂಗೆ ಹೊಲ್ಕೊಂಡು ಕೂತ್ರೆ ನಮ್ ಗತಿಯೇನು?” ಕೇಳುವವರಿಗೆ ಅದು ತಮಾಷೆ. ನನಗೆ ಅದರೊಳಗಿನ ತಾತ್ಸಾರ ಕೇಳಿಸುತ್ತದೆ.

ಗೌನು ಎಂದೆ. ನಮ್ಮ ಗಡಿಸೀಮೆಯಲ್ಲಿ ಅದಕ್ಕೆ ಅದೇ ಹೆಸರು. ಲಂಗಕ್ಕೆ ತೆಲುಗಿನವರು ಪರಿಕಿಣಿ ಎನ್ನುತ್ತಾರೆ, ಕೆ.ಜಿ.ಎಫ್.ನ ತಮಿಳರು ಪಾವಾಡೈ ಎನ್ನುತ್ತಾರೆ. ಗೌನು ಮಾತ್ರ ಮೂರು ಭಾಷೆಯವರಿಗೂ ಗೌನೇ.

ಮೊದಲು ಒಂದು ಮಾತನ್ನು ಇತ್ಯರ್ಥ ಮಾಡಿಬಿಡುತ್ತೇನೆ. ಮನೆಯಲ್ಲಿ ಹೊಲಿದರೆ ದುಡ್ಡು ಉಳಿಯುತ್ತದೆ ಎನ್ನುವವರ ಪಕ್ಷದವಳು ನಾನಲ್ಲ. ಒಂದೂಕಾಲು ಮೀಟರ್ ಒಳ್ಳೆಯ ಹತ್ತಿ ಬಟ್ಟೆ, ದಾರ, ಗುಂಡಿ, ಸ್ವಲ್ಪ ಲೇಸು ಎಲ್ಲ ಸೇರಿಸಿದರೆ ಸಂತೆಯಲ್ಲಿ ನೇತುಹಾಕಿದ ಗೌನಿನ ಬೆಲೆಗೆ ಬಂದೇ ಬರುತ್ತದೆ. ಹೊಲಿಯುವವಳ ಹೊತ್ತಿಗೂ ಕೂಲಿ ಹಾಕಿದರೆ ಮೀರಿಯೇ ಹೋಗುತ್ತದೆ. ಮನೆಯ ಹೆಂಗಸಿನ ಹೊತ್ತಿಗೆ ಬೆಲೆಯಿಲ್ಲ ಎಂದುಕೊಂಡವರು ಮಾತ್ರ ಇದನ್ನು ಉಳಿತಾಯವೆಂದು ಕರೆಯಬಲ್ಲರು. ನನ್ನ ವಾದ ದುಡ್ಡಿನದಲ್ಲ, ಮಗುವಿನ ಮೈಯದು.

ಅಂಗಡಿಯ ಗೌನು ಮಗುವಿನ ವಯಸ್ಸನ್ನು ಕೇಳುತ್ತದೆ. ‘3-4 ವರ್ಷ’ ಎಂದು ಕುತ್ತಿಗೆಯ ಹಿಂದೆ ಚೀಟಿ. ನಮ್ಮ ಬೀದಿಯಲ್ಲಿ ಒಂದೇ ತಿಂಗಳಲ್ಲಿ ಹುಟ್ಟಿದ ಇಬ್ಬರು ಹುಡುಗಿಯರಿದ್ದಾರೆ. ಒಬ್ಬಳ ಎದೆಯ ಸುತ್ತಳತೆ 21 ಇಂಚು, ಇನ್ನೊಬ್ಬಳದು 24. ಚೀಟಿಗೆ ಇಬ್ಬರೂ ಒಂದೇ. ಆ ಚೀಟಿಯಾದರೂ ಸುಮ್ಮನಿರುತ್ತದೆಯೇ? ಇಡೀ ದಿನ ಕುತ್ತಿಗೆಯನ್ನು ಕೆರೆಯುತ್ತಿರುತ್ತದೆ.

ಮನೆಯಲ್ಲಿ ಹೊಲಿಯುವವಳು ಟೇಪು ಹಿಡಿದು ಮಗುವನ್ನು ಕೇಳುತ್ತಾಳೆ. ಬಟ್ಟೆಯನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿ ಹಾಕುತ್ತಾಳೆ. ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ ಎಂದು. ಎದೆಯ ಅಳತೆಗೆ ನಾಲ್ಕು ಇಂಚು ಸಡಿಲ ಬಿಡುತ್ತಾಳೆ. ಈ ವಯಸ್ಸಿನ ಮಗು ವರ್ಷಕ್ಕೆ ಹೆಚ್ಚುಕಡಿಮೆ ಎರಡೂವರೆ ಇಂಚು ಎತ್ತರ ಬೆಳೆಯುತ್ತದೆ. ಅದಕ್ಕೆಂದು ಕೆಳಗೆ ಮೂರು ಇಂಚು ಮಡಿಚಿ ಹೆಮ್ಮಿಂಗ್ ಹಾಕುತ್ತಾಳೆ, ಬರುವ ವರ್ಷ ಬಿಚ್ಚಿದರೆ ಗೌನೂ ಬೆಳೆಯುತ್ತದೆ. ಕುತ್ತಿಗೆಗೆ ಅದೇ ಬಟ್ಟೆಯ ಕ್ರಾಸ್ ಪೀಸ್ ಕೊಟ್ಟರೆ ಹೊಲಿಗೆಯ ಗಂಟು ಮೈಗೆ ತಾಗದು. ಗುಂಡಿಗಳು ಮುಂದೆ. ಬೆನ್ನ ಮೇಲೆ ಜಿಪ್ ಇಟ್ಟ ಗೌನು ತೊಟ್ಟ ಹುಡುಗಿ ಪ್ರತಿ ಸಲವೂ ಇನ್ನೊಬ್ಬರ ಕೈ ಕಾಯಬೇಕು. ಮುಂದೆ ಗುಂಡಿಯಿದ್ದರೆ ನಾಲ್ಕು ವರ್ಷದವಳು ನಾಲಗೆ ಕಚ್ಚಿಕೊಂಡು ತಾನೇ ಹಾಕಿಕೊಳ್ಳುತ್ತಾಳೆ. ಇನ್ನು ಜೇಬು. ಹುಡುಗರ ಚಡ್ಡಿಗೆ ಎರಡು ಜೇಬು, ಹುಡುಗಿಯರ ಗೌನಿಗೆ ಹುಡುಕಿದರೂ ಒಂದಿಲ್ಲ. ಹುಣಸೆಬೀಜ, ಕಡ್ಡಿ, ಅರ್ಧ ಬಿಸ್ಕತ್ತು ಇಟ್ಟುಕೊಳ್ಳುವ ಹಕ್ಕು ಹುಡುಗಿಗೆ ಬೇಡವೆಂದು ತೀರ್ಮಾನಿಸಿದವರು ಯಾರೋ ನನಗೆ ತಿಳಿಯದು. ನಾನಂತೂ ಜೇಬಿಲ್ಲದ ಗೌನು ಹೊಲಿದವಳಲ್ಲ.

ಇದನ್ನೆಲ್ಲ ನನ್ನಷ್ಟಕ್ಕೆ ಇಟ್ಟುಕೊಂಡು ಹೊಲಿಯುತ್ತಿದ್ದೆ. ಬರೆಯುವಂತೆ ಮಾಡಿದ್ದು ನಮ್ಮ ಸುತ್ತಲಿನ ಒಂದು ಶಾಲೆಯ ವಾರ್ಷಿಕೋತ್ಸವ. ಎಲ್.ಕೆ.ಜಿ. ಹುಡುಗಿಯರ ನೃತ್ಯಕ್ಕೆ ಗುಲಾಬಿ ಬಣ್ಣದ ನೆಟ್ ಫ್ರಾಕ್ ತರಬೇಕು, ಇಂಥ ಅಂಗಡಿಯಿಂದಲೇ ತರಬೇಕು ಎಂದು ಚೀಟಿ ಕಳಿಸಿದರು. ನಮ್ಮೂರಿನ ಒಬ್ಬ ತಾಯಿ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕಫ್ ಹೊಲಿಯುವವಳು. ಕತ್ತಲಿರುವಾಗಲೇ ರೈಲಿಗೆ ಹೋದರೆ ಮತ್ತೆ ಕತ್ತಲಾದ ಮೇಲೇ ಬರುವುದು. ದಿನಕ್ಕೆ ನೂರಾರು ಕಫ್ ಅವಳ ಸೂಜಿಯಡಿ ಸಾಗುತ್ತವೆ. ಆದರೆ ಒಂದು ಇಡೀ ಉಡುಪನ್ನು ಅವಳು ಹೊಲಿದೇ ಇರಲಿಲ್ಲ. ಕಾಲರ್ ಒಬ್ಬಳಿಗೆ, ತೋಳು ಒಬ್ಬಳಿಗೆ, ಗುಂಡಿ ಮತ್ತೊಬ್ಬಳಿಗೆ ಎಂದು ಹಂಚುವ ಕಾರ್ಖಾನೆಯಲ್ಲಿ ಅದಕ್ಕೆ ಅವಕಾಶವೆಲ್ಲಿ? ಎರಡು ಭಾನುವಾರ ನನ್ನ ಬಳಿ ಕೂತು ಕಟಿಂಗ್ ಕಲಿತಳು. ಗುಲಾಬಿ ಪಾಪ್ಲಿನ್‌ನಲ್ಲಿ ಎರಡು ಸುತ್ತು ಫ್ರಿಲ್ ಕೊಟ್ಟು, ಪಫ್ ತೋಳಿಟ್ಟು ಮಗಳಿಗೆ ಹೊಲಿದಳು. ಅವಳ ನೇರವಾದ ಹೊಲಿಗೆ ನನ್ನದಕ್ಕಿಂತ ಚೆನ್ನಾಗಿತ್ತು.

ಆ ಮಗುವನ್ನು ಕೊನೆಯ ಸಾಲಿನ ಮೂಲೆಯಲ್ಲಿ ನಿಲ್ಲಿಸಿದರು. “ಫೋಟೋದಲ್ಲಿ ಬೇರೆ ಕಾಣುತ್ತೆ” ಎಂದರಂತೆ. ಮರುದಿನ ತಾಯಿ ಗೌನನ್ನು ಮಡಿಸಿಕೊಂಡು ನನ್ನ ಮನೆಗೆ ಬಂದು, “ಮೇಡಂ, ನಾನು ಹೊಲಿದಿದ್ದು ಚೆನ್ನಾಗಿಲ್ವಾ?” ಎಂದಳು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಆ ಶಾಲೆಯವರು. ಅವರು ಕೊಡುವುದಿಲ್ಲವಾದ್ದರಿಂದ ನಾನು ಕೊಡುತ್ತಿದ್ದೇನೆ.

ಮುಂದಿನ ಸಾಲಿನಲ್ಲಿ ಕುಣಿದವರನ್ನು ನಾನೂ ನೋಡಿದೆ. ಅರ್ಧ ಹಾಡಿಗೇ ಕಂಕುಳು ಕೆರೆದುಕೊಳ್ಳುತ್ತಿದ್ದರು. ನೆಟ್ ಬಟ್ಟೆ ಹೆಚ್ಚಾಗಿ ನೈಲಾನ್, ಪಾಲಿಯೆಸ್ಟರ್‌ಗಳದು, ಬೆವರು ಹೀರುವುದಿಲ್ಲ. ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಗೂ ಬೆಂಕಿ ಹತ್ತುತ್ತದೆ, ಇಲ್ಲವೆನ್ನುವುದಿಲ್ಲ, ಆದರೆ ಹಾಗೆ ಕರಗಿ ಹಿಡಿದುಕೊಳ್ಳುವುದಿಲ್ಲ. ನಾವು ಇಂಥದನ್ನು ತೊಡಿಸುವುದು ದೀಪಾವಳಿಗೆ, ಹಣತೆ ಪಟಾಕಿಗಳ ನಡುವೆ! ಚಿಕ್ಕ ಮಕ್ಕಳ ಮೇಲುಡುಪಿನ ಕುತ್ತಿಗೆಯ ಬಳಿ ಎಳೆದು ಕಟ್ಟುವ ದಾರ ಇರಬಾರದು, ಎಲ್ಲಾದರೂ ಸಿಕ್ಕಿ ಉರುಳಾಗುತ್ತದೆ ಎಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1996ರಲ್ಲೇ ಮಾರ್ಗಸೂಚಿ ಹೊರಡಿಸಿತು. ನಮ್ಮ ಅಂಗಡಿಗಳಲ್ಲಿ ಅಂಥ ದಾರಕ್ಕೆ ಕುಚ್ಚನ್ನೂ ಕಟ್ಟಿ ಮಾರುತ್ತಾರೆ. ನೋಡುವವರ ಕಣ್ಣಿಗೆ ಚೆಂದ ಕಂಡರೆ ತೊಡುವವಳ ಮೈ ಏನಾದರೇನು?

ಸಂತೆಯ ಗೌನು ಅಷ್ಟು ಅಗ್ಗಕ್ಕೆ ಹೇಗೆ ಸಿಗುತ್ತದೆ ಎಂದೂ ಒಮ್ಮೆ ಯೋಚಿಸಬೇಕು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಅವರನ್ನು ಒಳಗೆ ಕಳಿಸಿದರು. ಅಷ್ಟು ದೂರ ಹೋಗುವುದೂ ಬೇಡ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದದ್ದು ತಮ್ಮದೇ ಭವಿಷ್ಯನಿಧಿಯ ಹಣ ತಮ್ಮ ಕೈಗೆ ಸಿಗಲಿ ಎಂದು. ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಹೊಸ ನಿಯಮ ಹಿಂತೆಗೆದುಕೊಂಡಿತು. ನಮ್ಮ ಕಡೆಯಿಂದ ರೈಲು ಹತ್ತುವವರಲ್ಲೂ ಅಂಥ ಹೆಂಗಸರಿದ್ದಾರೆ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಮನೆಗಳಿಗೆ ಬೆಂಗಳೂರಿನ ರೈಲೇ ಅನ್ನದ ದಾರಿ. ಬೇರೆ ಮಕ್ಕಳ ಬಟ್ಟೆ ಹೊಲಿದು ಬಂದವಳು ತನ್ನ ಮಗುವಿಗೆ ಹೊಲಿದರೆ ಅದು ಫೋಟೋಕ್ಕೆ ಬರಬಾರದಂತೆ.

ಇನ್ನೊಂದು ಕಡೆಯಿಂದಲೂ ನನಗೆ ಪೆಟ್ಟು ಬೀಳುತ್ತದೆ. ಓದಿದ ನನ್ನ ಗೆಳತಿಯರು, “ಹೆಂಗಸರನ್ನು ಮತ್ತೆ ಸೂಜಿದಾರಕ್ಕೆ ಕಟ್ಟಿಹಾಕುತ್ತೀಯಾ?” ಎನ್ನುತ್ತಾರೆ. ನಾನು ಯಾರನ್ನೂ ಕಟ್ಟಿಹಾಕುತ್ತಿಲ್ಲ. ಇಷ್ಟವಿಲ್ಲದವರು ಹೊಲಿಯಬೇಡಿ, ಅಂಗಡಿಯಲ್ಲಿ ನೋಡಿ ಹತ್ತಿಯದನ್ನೇ ಕೊಳ್ಳಿ. ಆದರೆ ಬಂಗಾರಪೇಟೆಯ ಬಜಾರಿನಲ್ಲಿ ಒಮ್ಮೆ ನಡೆದು ನೋಡಿ. ಟೈಲರ್ ಅಂಗಡಿಗಳಲ್ಲಿ ಟೇಪನ್ನು ಕೊರಳಿಗೆ ಹಾಕಿಕೊಂಡು ಕೂತವರು ಹೆಚ್ಚಿನಂಶ ಗಂಡಸರೇ. ಕೂಲಿ ಬರುವಾಗ ಹೊಲಿಗೆ ಗಂಡಸರ ಕಸುಬು, ಕೂಲಿ ಬಾರದಾಗ ಹೆಂಗಸರ ಬಂಧನ! ಬಂಧನ ಸೂಜಿಯಲ್ಲಿಲ್ಲ ತಾಯಿ, ಲೆಕ್ಕದಲ್ಲಿದೆ.

ಹಾಗಾದರೆ ಹುಡುಗರೂ ಕಲಿಯಲಿ. ಕೈಕೆಲಸದ ಮೂಲಕವೇ ವಿದ್ಯೆ ಎಂದು ಗಾಂಧೀಜಿ ವಾರ್ಧಾದಲ್ಲಿ ಹೇಳಿದ್ದು 1937ರಲ್ಲಿ. ನಾವು ಓದುವಾಗ ಹೊಲಿಗೆಯ ಪೀರಿಯಡ್ ಇತ್ತು, ಹುಡುಗಿಯರಿಗೆ ಮಾತ್ರ. ಆಮೇಲೆ ಅದು ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಉಸಿರು ಕಟ್ಟಿಸುವ ಹೆಸರು ಪಡೆಯಿತು. ಹೆಸರು ಉದ್ದವಾದಷ್ಟೂ ಕೆಲಸ ಗಿಡ್ಡವಾಗಿ, ನಾನು ಕಂಡ ಶಾಲೆಗಳಲ್ಲಿ ಆ ಪೀರಿಯಡ್ ಗಣಿತದವರ ಪಾಲಾಯಿತು. ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ಬಟ್ಟೆಯಾಗಿಯೇ ಬರುವುದುಂಟು. ಹೊಲಿಸುವ ಖರ್ಚು ತಂದೆತಾಯಿಯದು. ಹತ್ತನೇ ತರಗತಿ ಮುಗಿಸಿದವನಿಗೆ ಒಂದು ಗುಂಡಿ ಹಾಕಲು ಬರುವುದಿಲ್ಲ, ಆ ಗುಂಡಿಗೂ ಅಮ್ಮನೇ ಬೇಕು.

ವಾರ್ಷಿಕೋತ್ಸವದ ಚೀಟಿ ಬರೆಯುವ ಮುಖ್ಯೋಪಾಧ್ಯಾಯಿನಿಯರಿಗೆ, ನಾನೂ ನಿಮ್ಮ ವೃತ್ತಿಯವಳೇ ಆದ್ದರಿಂದ ನೇರವಾಗಿ ಹೇಳುತ್ತೇನೆ. ಬಣ್ಣ ಯಾವುದೆಂದು ಬರೆಯಿರಿ, ಅಷ್ಟು ಸಾಕು. ಅಂಗಡಿಯ ಹೆಸರು ಬರೆಯಬೇಡಿ. ಒಂದು ಮಗುವಿನ ಗೌನು ಫೋಟೋದಲ್ಲಿ ಬೇರೆ ಕಂಡರೆ ಕಾಣಲಿ, ಅವಳನ್ನು ಮೊದಲ ಸಾಲಿಗೆ ಕರೆಯಿರಿ. ನನ್ನ ಮನೆಯಲ್ಲಿ ಈಗ ಭಾನುವಾರ ಆರು ಜನ ಕಲಿಯಲು ಬರುತ್ತಾರೆ, ಕಫ್ ಹೊಲಿಯುವ ಆ ತಾಯಿಯೂ ಸೇರಿ. ಆರರಲ್ಲಿ ಇಬ್ಬರು ಹುಡುಗರು. ಕಾಜಾ ಹಾಕುವುದರಲ್ಲಿ ಅವರಲ್ಲೊಬ್ಬನನ್ನು ಮೀರಿಸುವವರು ಇನ್ನೂ ಬಂದಿಲ್ಲ.