ಚೋಕಿಗಿಂತ ಮೊದಲು ಚರೆ

ಕೋವಿಯ ನಳಿಗೆಯ ತುದಿಗೆ ತಿರುಪುವ ಚೋಕ್ ಕೊಳವೆಯನ್ನು ಆರಿಸುವಾಗ ಅಮೆರಿಕದ ಬೇಟೆಗಾರನು ಚರೆಗಳ ಹರಹನ್ನಷ್ಟೇ ಅಳೆಯುತ್ತಿದ್ದನು. ಕೆರೆಯ ತಳ ಸೇರುವ ಸೀಸವನ್ನಲ್ಲ. ಆ ಚರೆಯನ್ನು ಹರಳೆಂದು ನುಂಗಿದ ಬಾತುಗಳು ವಿಷವೇರಿ ಸತ್ತವು. 1991ರಲ್ಲಿ ಅಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸ ನಿಷಿದ್ಧವಾಯಿತು. ಉಕ್ಕಿನ ಚರೆ ಸೀಸದಂತೆ ಹಿಸುಕಿಕೊಳ್ಳದು. ಬಿಗಿಯಾದ ಚೋಕಿನಲ್ಲಿ ಅದು ನಳಿಗೆಯನ್ನೇ ಕೆಡಿಸಬಲ್ಲದು. ಆದುದರಿಂದ ಸಡಿಲವಾದ ಚೋಕ್ ಅನಿವಾರ್ಯವಾಯಿತು. ಲೋಹ ಬದಲಾದೊಡನೆ ಕೊಳವೆಯೂ ಬದಲಾಯಿತು.

ಭಾರತದಲ್ಲಿ 1972ರ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು, ಸೀಸಕ್ಕಲ್ಲ. ಮಲೆನಾಡಿನ ಬೆಳೆಗಾವಲಿನ ಕೋವಿ ಹಂದಿಯನ್ನು ಬೆದರಿಸಲು ಆಕಾಶಕ್ಕೆ ಸಿಡಿದರೂ, ತೋಟೆಯೊಂದರ ಸುಮಾರು 30 ಗ್ರಾಂ ಸೀಸ ಬೀಳುವುದು ಗದ್ದೆಗೇ. ಮಣ್ಣಿನಲ್ಲಿ ಅದು ಕೊಳೆತು ಮಾಯವಾಗದು. ಕೀಟನಾಶಕದ ವಿರುದ್ಧ ಕೂಗುವ ಊರು ಈ ವಿಷದ ಮುಂದೇಕೆ ಮೌನ? ಬೆದರಿಸಲು ಸದ್ದು ಸಾಕು, ಸೀಸ ಬೇಕಿಲ್ಲ.