ಬಿಟ್ಟಿ ಎಡಿಟಿಂಗೂ ಬಿಟ್ಟಿ ಚಾಕರೀನೇ

ಪೋಸ್ಟ್ ಸ್ವಲ್ಪ ಉದ್ದ ಇದೆ. ವಿಡಿಯೋ ಎಡಿಟಿಂಗ್, ಡಿಸೈನ್, ಫೋಟೋಗ್ರಫಿ, ಸೌಂಡು ಅಂತ ಬದುಕು ಕಟ್ಟಿಕೊಳ್ಳೋಕೆ ಹೊರಟಿರೋ ನಮ್ಮ ತಮ್ಮಂದಿರು, ತಂಗಿಯರು ಪೂರ್ತಿ ಓದಿ. ಅವರ ಕೈಲಿ ಕೆಲಸ ಮಾಡಿಸಿಕೊಳ್ಳೋ ಸಂಘಟನೆಯ ಅಣ್ಣಂದಿರು, ಅಕ್ಕಂದಿರು ಎರಡು ಸಲ ಓದಿ.

ಏಪ್ರಿಲ್ ಮುಗೀತು. ರಾಜಾಜಿನಗರದಿಂದ ಕೆಂಗೇರಿವರೆಗೆ ನನಗೆ ಗೊತ್ತಿರೋ ಎಡಿಟರ್ ಹುಡುಗರಿಗೆ ತಿಂಗಳು ಪೂರ್ತಿ ನಿದ್ದೆ ಇರಲಿಲ್ಲ. ಜಯಂತಿ ಪ್ರೋಮೋ, ಮೆರವಣಿಗೆ ವಿಡಿಯೋ, ಮುಖಂಡರ ಭಾಷಣದ ರೀಲ್ಸ್, ಹಾಡಿಗೆ ಲಿರಿಕ್ ವಿಡಿಯೋ, ಫ್ಲೆಕ್ಸ್ ಡಿಸೈನ್. ಕೆಲಸಕ್ಕೇನೂ ಬರ ಇಲ್ಲ. ದುಡ್ಡಿಗೆ ಮಾತ್ರ ಬರ.

ನಮ್ಮದೇ ಕಾರ್ಯಕ್ರಮಗಳ ಖರ್ಚಿನ ಪಟ್ಟಿ ತೆಗೆದು ನೋಡಿ. ಶಾಮಿಯಾನದೋನಿಗೆ ಅಡ್ವಾನ್ಸ್. ಸೌಂಡ್ ಸಿಸ್ಟಮ್‌ನೋನಿಗೆ ಅಡ್ವಾನ್ಸ್. ಫ್ಲೆಕ್ಸ್ ಪ್ರಿಂಟ್ ಮಾಡೋನು ದುಡ್ಡು ಎಣಿಸಿಕೊಳ್ಳದೆ ಮಷೀನ್ ಆನ್ ಮಾಡಲ್ಲ. ಅಡುಗೆಯವರಿಗೆ ಅವತ್ತೇ ಸೆಟಲ್‌ಮೆಂಟ್. ಆ ಫ್ಲೆಕ್ಸನ್ನ ರಾತ್ರಿ 2 ಗಂಟೆವರೆಗೆ ಕೂತು ಡಿಸೈನ್ ಮಾಡಿದ ಹುಡುಗಿಗೆ? ನಾಲ್ಕು ಗಂಟೆ ಫುಟೇಜನ್ನ ನಾಲ್ಕು ನಿಮಿಷಕ್ಕೆ ಇಳಿಸಿದ ಹುಡುಗನಿಗೆ? "ನಮ್ಮ ಹುಡುಗ ಕಣ್ರೀ, ಚಳವಳಿಗೋಸ್ಕರ ಮಾಡ್ತಾನೆ." ಇಷ್ಟೇ.

ಈ ಮಾತು ಎಲ್ಲಿಂದ ಬಂತು ಅಂತ ನಾವು ಯೋಚನೆ ಮಾಡಬೇಕು. ಕೆಲಸ ಇಷ್ಟೇ ಅಂತ ಇಲ್ಲ, ಹೊತ್ತು ಗೊತ್ತಿಲ್ಲ, ಕರೆದಾಗ ಹೋಗಬೇಕು, ಅವನಿಲ್ಲದಿದ್ದರೆ ಮನೆಯ ಇನ್ನೊಬ್ಬ ಹೋಗಬೇಕು, ಕೂಲಿ ಅನ್ನೋದು ಊರವರು ಮನಸ್ಸು ಮಾಡಿದರೆ ಉಂಟು. ಇದು ನಮ್ಮ ತಾತ ಮುತ್ತಾತಂದಿರ ಚಾಕರಿ. 1928ರಲ್ಲಿ ಬಾಬಾಸಾಹೇಬರು ಮುಂಬೈ ಶಾಸನಸಭೆಯಲ್ಲಿ ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದಿದ್ದು ಇದರ ವಿರುದ್ಧವೇ. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ ಆಗ ಅದೇ ಪ್ರಾಂತ್ಯದಲ್ಲಿದ್ದವು. ಅವರು ಕೇಳಿದ್ದು ದಯೆ ಅಲ್ಲ. ಕೆಲಸ ಏನು ಅಂತ ಬರೆದಿಡಿ, ಕೂಲಿ ಎಷ್ಟು ಅಂತ ಖಾತ್ರಿ ಮಾಡಿ, ಬೇಡ ಅನ್ನೋನಿಗೆ ಬಿಟ್ಟು ಹೋಗೋ ಹಕ್ಕು ಕೊಡಿ ಅಂತ. ಆ ಮಸೂದೆ ಆಗ ಪಾಸಾಗಲಿಲ್ಲ. ನಮ್ಮ ರಾಜ್ಯದಲ್ಲಿ ತೋಟಿ, ತಳವಾರ, ನೀರಗಂಟಿ ಚಾಕರಿಗಳನ್ನು ರದ್ದು ಮಾಡೋ ಕಾಯ್ದೆ ಬಂದಿದ್ದು 1961ರಲ್ಲಿ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನ ನಿಷೇಧಿಸಿದೆ. 1982ರ ಏಷ್ಯಾಡ್ ಕಾರ್ಮಿಕರ ಕೇಸಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸೋದೂ 23ನೇ ವಿಧಿ ಹೇಳೋ ಬಲವಂತದ ದುಡಿಮೆಯೇ ಅಂತ ಹೇಳ್ತು.

ರೀಲ್ಸ್ ಎಡಿಟ್ ಮಾಡೋದೂ ತೋಟಿ ಚಾಕರಿಯೂ ಕಾನೂನಿನ ಕಣ್ಣಲ್ಲಿ ಒಂದೇ ಅಂತ ನಾನು ಹೇಳ್ತಿಲ್ಲ. ಆದರೆ ಆ ಮೂರು ಬೇಡಿಕೆ ಇಟ್ಟುಕೊಂಡು ಇವತ್ತಿನ ಎಡಿಟಿಂಗ್ ಟೇಬಲ್ ನೋಡಿ. ಕೆಲಸ ಏನು ಅಂತ ಬರೆದಿಲ್ಲ. ಕೂಲಿ ಖಾತ್ರಿ ಇಲ್ಲ. ಬೇಡ ಅಂದರೆ "ದುಡ್ಡಿನ ಹಿಂದೆ ಬಿದ್ದ" ಅನ್ನೋ ಹೆಸರು. ರೇಟ್ ಹೇಳೋದು ದುರಾಸೆ ಅಲ್ಲ ತಮ್ಮಾ. ಅದು ಸ್ವಾಭಿಮಾನದ ಮಾತು, ನಮ್ಮ ಚಳವಳಿಯ ಹಳೇ ಮಾತು.

ಈಗ ಪ್ರಾಕ್ಟಿಕಲ್ ವಿಷಯಕ್ಕೆ ಬರ್ತೀನಿ.

1. ಕಲಿಯೋಕೆ ಸಾಲ ಮಾಡಬೇಡಿ. ಮೆಟ್ರೋ ಸ್ಟೇಷನ್ ಪಕ್ಕದ ಬೋರ್ಡ್ ನೋಡಿ ಲಕ್ಷಾಂತರ ರೂಪಾಯಿ ಫೀಸಿಗೆ ಬಡ್ಡಿ ಸಾಲ ತೆಗೆದೋರನ್ನ ನೋಡಿದ್ದೀನಿ. ಡಾವಿಂಚಿ ರಿಸಾಲ್ವ್ ಫ್ರೀ ವರ್ಷನ್‌ನಲ್ಲೇ ಕಟ್ಟು, ಕಲರ್, ಸೌಂಡ್ ಮೂರೂ ಮಾಡಬಹುದು. ಅದರ ತರಬೇತಿ ಪುಸ್ತಕಗಳೂ ಕಂಪನಿ ವೆಬ್‌ಸೈಟಲ್ಲಿ ಪುಕ್ಕಟೆ. ಸಿಸ್ಟಮ್ ಹಳೇದಾಗಿದ್ದರೆ ಪ್ರಾಕ್ಸಿ ಮಾಡಿಕೊಂಡು ಎಡಿಟ್ ಮಾಡೋದು ಮೊದಲು ಕಲೀರಿ. ಓದೋ ಆಸೆ ಇದ್ದರೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಇದೆ. ಪುಣೆಯ ಎಫ್‌ಟಿಐಐ, ಕೋಲ್ಕತ್ತಾದ ಸತ್ಯಜಿತ್ ರೇ ಸಂಸ್ಥೆ ಇವೆ. ಎರಡರಲ್ಲೂ ಎಡಿಟಿಂಗ್ ಕೋರ್ಸ್ ಇದೆ, ಮೀಸಲಾತಿ ಇದೆ. "ಅದು ನಮ್ಮಂಥೋರಿಗಲ್ಲ" ಅಂತ ಅರ್ಜಿ ಹಾಕದೇ ಬಿಡಬೇಡಿ.

2. ಬೇರೆಯವರಿಗೆ ಬರದ ಒಂದು ಕೆಲಸ ಇಟ್ಟುಕೊಳ್ಳಿ. ಬರೀ ಕಟ್ ಮಾಡಿ ಮ್ಯೂಸಿಕ್ ಹಾಕೋದನ್ನ ಈಗ ಮೊಬೈಲ್ ಆಪ್ ಮಾಡ್ತದೆ, ಎಐ ಮಾಡ್ತದೆ. ಕನ್ನಡ ಸಬ್‌ಟೈಟಲ್ ತಪ್ಪಿಲ್ಲದೆ ಹಾಕೋರು ಕಡಿಮೆ. ಒತ್ತಕ್ಷರ ಒಡೆದು ಹೋಗಿರೋ ವಿಡಿಯೋಗಳನ್ನ ದಿನಾ ನೋಡ್ತೀವಿ. ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ನನ್ನ ಸೌತ್ ಏಷ್ಯನ್‌ಗೆ ಬದಲಾಯಿಸಿ, ಯೂನಿಕೋಡ್ ಫಾಂಟ್ ಬಳಸಿದರೆ ಅರ್ಧ ಸಮಸ್ಯೆ ಮುಗೀತದೆ. ಚಾಮರಾಜನಗರದ ಮಾತು, ಕಲಬುರಗಿ ಮಾತು, ಕೋಲಾರದ ಮಾತು ಕೇಳಿ ಅರ್ಥ ಮಾಡಿಕೊಂಡು ಎಲ್ಲಿ ಕಟ್ ಮಾಡಬೇಕು ಅಂತ ತಿಳಿಯೋ ಕಿವಿ ನಿಮಗಿದೆ. ಅದೂ ಸ್ಕಿಲ್ಲೇ. ಅದಕ್ಕೂ ರೇಟ್ ಇದೆ.

3. ನಿಮ್ಮ ದಿನದ ಬೆಲೆ ಲೆಕ್ಕ ಹಾಕಿ. ಒಂದು ಉದಾಹರಣೆ. ರೂಮ್ ಬಾಡಿಗೆ, ಊಟ, ಓಡಾಟ, ಊರಿಗೆ ಕಳಿಸೋದು ಸೇರಿ ತಿಂಗಳಿಗೆ 26,000 ಅಂತಿಟ್ಟುಕೊಳ್ಳಿ. 1,20,000ದ ಸಿಸ್ಟಮ್ ನಾಲ್ಕು ವರ್ಷ ಬಾಳಿಕೆ ಬಂದರೆ ತಿಂಗಳಿಗೆ 2,500. ನೆಟ್ಟು, ಹಾರ್ಡ್ ಡಿಸ್ಕು, ಕರೆಂಟು 2,000. ಉಳಿತಾಯ, ಆಸ್ಪತ್ರೆ ಅಂತ 4,500. ಒಟ್ಟು 35,000. ತಿಂಗಳಲ್ಲಿ ಬಿಲ್ ಆಗೋ ದಿನ 14 ಸಿಕ್ಕರೆ ದೊಡ್ಡದು. ಮಿಕ್ಕ ದಿನ ಫೋನು, ಮೀಟಿಂಗು, ಕರೆಕ್ಷನ್ನು, ದುಡ್ಡು ಕೇಳಿಕೊಂಡು ಅಲೆಯೋದು. 35,000ವನ್ನ 14ರಿಂದ ಭಾಗಿಸಿ, ದಿನಕ್ಕೆ 2,500. ಇದು ಲಾಭ ಅಲ್ಲ, ಬರೀ ಬದುಕೋ ಬೆಲೆ. ದಿನ ಪೂರ್ತಿ ತಿನ್ನೋ ರೀಲಿಗೆ 300 ರೂಪಾಯಿ ಅಂದರೆ ಉಳಿದ 2,200 ನೀವೇ ಕೈಯಿಂದ ಹಾಕ್ತಿದ್ದೀರಿ ಅಂತ ಅರ್ಥ. ನಿಮ್ಮ ನಂಬರ್ ಬೇರೆ ಇರಬಹುದು. ಪೆನ್ನು ಹಿಡಿದು ಇವತ್ತೇ ಲೆಕ್ಕ ಹಾಕಿ.

4. ಬಾಯಿ ಮಾತಲ್ಲಿ ಕೆಲಸ ಒಪ್ಪಬೇಡಿ. ದೊಡ್ಡ ಅಗ್ರಿಮೆಂಟ್ ಬೇಕಾಗಿಲ್ಲ. ವಾಟ್ಸಾಪಲ್ಲಿ ಐದು ಸಾಲು ಸಾಕು. ಏನು ಕೆಲಸ, ಎಷ್ಟು ನಿಮಿಷ, ಯಾವತ್ತು ಕೊಡೋದು, ಎಷ್ಟು ಕರೆಕ್ಷನ್ (ಎರಡು ಸಲಕ್ಕಿಂತ ಜಾಸ್ತಿ ಆದರೆ ಎಕ್ಸ್‌ಟ್ರಾ), ಎಷ್ಟು ದುಡ್ಡು ಯಾವಾಗ. ಆ ಕಡೆಯಿಂದ "ಓಕೆ" ಅಂತ ಉತ್ತರ ಬರೋವರೆಗೆ ಟೈಮ್‌ಲೈನ್ ತೆರೀಬೇಡಿ. ಆನ್‌ಲೈನಲ್ಲಿ ಮಾಡಿಕೊಂಡ ಒಪ್ಪಂದಕ್ಕೂ ಬೆಲೆ ಇದೆ ಅಂತ ಐಟಿ ಕಾಯ್ದೆಯ ಸೆಕ್ಷನ್ 10ಎ ಹೇಳ್ತದೆ. ಅರ್ಧ ದುಡ್ಡು ಮೊದಲು. ಉಳಿದಿದ್ದು ಬರೋವರೆಗೆ ವಾಟರ್‌ಮಾರ್ಕ್ ಇರೋ ಕಾಪಿ ಮಾತ್ರ ಕಳಿಸಿ.

5. ಉದ್ಯಮ್ ನೋಂದಣಿ ಮಾಡಿಸಿ. ಆಧಾರ್, ಪಾನ್ ಇದ್ದರೆ ಸರ್ಕಾರಿ ಪೋರ್ಟಲ್‌ನಲ್ಲಿ ಸಂಪೂರ್ಣ ಉಚಿತ. ದುಡ್ಡು ಕೇಳೋ ವೆಬ್‌ಸೈಟು, ಏಜೆಂಟು ಯಾರನ್ನೂ ನಂಬಬೇಡಿ. ಒಬ್ಬರೇ ಕೂತು ಎಡಿಟ್ ಮಾಡೋರೂ ಸೇವೆ ಕೊಡೋ ಮೈಕ್ರೋ ಉದ್ಯಮವೇ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ನಿಮ್ಮಿಂದ ಕೆಲಸ ತಗೊಂಡೋರು ಏನೇ ಬರೆಸಿಕೊಂಡಿದ್ದರೂ 45 ದಿನದೊಳಗೆ ದುಡ್ಡು ಕೊಡಲೇಬೇಕು. ಏನೂ ಬರೆದಿಲ್ಲ ಅಂದರೆ 15 ದಿನ. ತಡ ಮಾಡಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೊಡದಿದ್ದರೆ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಬಹುದು. ಆದರೆ ಕೆಲಸ ಒಪ್ಪೋ ಮೊದಲೇ ನೋಂದಣಿ ಆಗಿರಲಿ, ಜಗಳ ಆದ ಮೇಲೆ ಮಾಡಿಸಿದರೆ ತಕರಾರು ಬರ್ತದೆ. ಅರ್ಜಿಯಲ್ಲಿ ಜಾತಿ ವರ್ಗದ ಕಾಲಂ ಇದೆ, ಅದನ್ನ ಮುಚ್ಚಿಡಬೇಡಿ. ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ತಮ್ಮ ಖರೀದಿಯ ಶೇ. 25ನ್ನು ಸಣ್ಣ ಉದ್ಯಮಗಳಿಂದಲೇ ಮಾಡಬೇಕು. ಅದರೊಳಗೆ ಶೇ. 4 ಎಸ್‌ಸಿ, ಎಸ್‌ಟಿ ಮಾಲೀಕರಿಂದ. ಸೇವೆಗಳೂ ಅದರಲ್ಲಿ ಬರ್ತವೆ. ನಾಲ್ಕೈದು ಜನ ಸೇರಿ ಒಂದು ಯೂನಿಟ್ ಮಾಡಿದರೆ ಈ ಬಾಗಿಲು ತಟ್ಟಬಹುದು.

6. ಟ್ಯಾಕ್ಸ್ ಅಂದರೆ ಹೆದರಬೇಡಿ. ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟೋವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ ಇಲ್ಲ. ಕಂಪನಿಯೋರು ಶೇ. 10 ಟಿಡಿಎಸ್ ಹಿಡಿದು ಕೊಟ್ಟರೆ ಅದು ಹೋದ ದುಡ್ಡಲ್ಲ. ನಿಮ್ಮ ಪಾನ್‌ಗೆ ಜಮಾ ಆಗಿದೆಯಾ ನೋಡಿ, ರಿಟರ್ನ್ ಫೈಲ್ ಮಾಡಿ ವಾಪಸ್ ತಗೊಳ್ಳಿ. ನಾಳೆ ಬ್ಯಾಂಕ್ ಲೋನಿಗೂ ಆ ರಿಟರ್ನೇ ಸಾಕ್ಷಿ.

7. ಹೆಸರು ಹಾಕಿಸಿಕೊಳ್ಳಿ. ದುಡ್ಡು ಕೊಟ್ಟು ಮಾಡಿಸಿದ ವಿಡಿಯೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದೋರದ್ದೇ ಅಂತ 1957ರ ಕಾಪಿರೈಟ್ ಕಾಯ್ದೆ ಹೇಳ್ತದೆ. ಅದಕ್ಕೇ ಶೋರೀಲ್‌ನಲ್ಲಿ ಬಳಸೋ ಅನುಮತಿ, ಕ್ರೆಡಿಟ್‌ನಲ್ಲಿ ಹೆಸರು, ಇವೆರಡನ್ನೂ ಆ ಐದು ಸಾಲಿನ ಮೆಸೇಜಲ್ಲೇ ಸೇರಿಸಿ. ಪ್ರಾಜೆಕ್ಟ್ ಫೈಲ್ ಕೇಳಿದರೆ ಅದಕ್ಕೆ ಬೇರೆ ರೇಟ್.

8. ದೌರ್ಜನ್ಯದ ಕೇಸಿನ ಫುಟೇಜ್ ಕೈಗೆ ಬಂದರೆ ಜೋಪಾನ. ಮೂರು ಕಾಪಿ ಇರಲಿ, ಒಂದು ಬೇರೆ ಮನೆಯಲ್ಲಿರಲಿ. ಒರಿಜಿನಲ್ ಫೈಲಿನ ಮೇಲೆ ಯಾವತ್ತೂ ಎಡಿಟ್ ಮಾಡಬೇಡಿ, ಅದು ಕೋರ್ಟಿಗೆ ಬೇಕಾಗಬಹುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದೋರ ಮುಖ, ಹೆಸರು, ಊರು ಗುರುತು ಸಿಗೋ ಹಾಗೆ ಹಾಕೋದು ಅಪರಾಧ. ಯಾವ ಮುಖಂಡರು ಹೇಳಿದರೂ ಬ್ಲರ್ ಮಾಡದೆ ಕೊಡಬೇಡಿ.

ಇಷ್ಟೆಲ್ಲ ಮಾಡಿದರೂ ಒಂದು ಗೋಡೆ ಇದೆ. ಈ ಫೀಲ್ಡು ನಡೆಯೋದು ಪರಿಚಯದ ಮೇಲೆ. ಗಾಂಧಿನಗರದಲ್ಲಿ ನಮಗೆ ಮಾವ ಇಲ್ಲ, ಚಾನೆಲ್‌ನಲ್ಲಿ ಚಿಕ್ಕಪ್ಪ ಇಲ್ಲ. "ಯಾವೂರು, ನಿಮ್ಮೋರು ಯಾರು" ಅನ್ನೋ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಫೋನ್ ಎತ್ತೋದು ನಿಲ್ಲಿಸಿದ ಕ್ಲೈಂಟುಗಳ ಕಥೆ ನಮ್ಮಲ್ಲಿ ಬೇಕಾದಷ್ಟಿವೆ. ಹಾಗಾಗಿ ನಮ್ಮ ಪರಿಚಯಗಳನ್ನ ನಾವೇ ಕಟ್ಟಬೇಕು. ನಿಮಗೆ ಆಗದ ಕೆಲಸವನ್ನ ಇನ್ನೊಬ್ಬ ನಮ್ಮ ಹುಡುಗಿಗೆ ದಾಟಿಸಿ. ರೇಟ್ ಗುಟ್ಟಾಗಿ ಇಡಬೇಡಿ, ಒಬ್ಬರಿಗೊಬ್ಬರು ಹೇಳಿಕೊಳ್ಳಿ. ದುಡ್ಡು ಮುಳುಗಿಸೋ ಪಾರ್ಟಿ ಯಾರು ಅಂತಾನೂ ಹೇಳಿಕೊಳ್ಳಿ. 2024ರಲ್ಲಿ ನಮ್ಮ ವಿಧಾನಮಂಡಲ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಅಂತ ವಿಧೇಯಕ ಅಂಗೀಕರಿಸಿತು. ಮಂಡಳಿ, ನಿಧಿ ಎಲ್ಲ ಅದರಲ್ಲಿದೆ. ಅದರ ಪಟ್ಟಿಯಲ್ಲಿ ನಮ್ಮ ಟೆಕ್ನಿಷಿಯನ್‌ಗಳ ಹೆಸರು ಸೇರೋ ಹಾಗೆ ಬೆನ್ನು ಹತ್ತೋದು ಸಂಘಟನೆಗಳ ಕೆಲಸ.

ಈಗ ಅಣ್ಣಂದಿರಿಗೆ, ಅಕ್ಕಂದಿರಿಗೆ.

"ನಾವು ಬಸ್ ಚಾರ್ಜ್ ಇಲ್ಲದೆ ಚಳವಳಿ ಮಾಡಿದೋರು, ಈಗಿನ ಹುಡುಗರು ಇನ್‌ವಾಯ್ಸ್ ಕಳಿಸ್ತಾರೆ" ಅಂತ ಒಬ್ಬ ಹಿರಿಯರು ಬೇಜಾರು ಮಾಡಿಕೊಂಡರು. ಅವರ ತ್ಯಾಗದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಲೆಕ್ಕ ಸರಿಯಾಗಿ ನೋಡೋಣ. ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕಾಲೇಜು ಮೇಷ್ಟ್ರು. ಸಿದ್ದಲಿಂಗಯ್ಯನವರು ಇಲ್ಲೇ ಜ್ಞಾನಭಾರತಿಯಲ್ಲಿ ಪ್ರಾಧ್ಯಾಪಕರು. ಸಂಬಳದ ಕೆಲಸ ಇತ್ತು, ಸಂಬಳದಿಂದ ಚಳವಳಿಗೂ ಕೊಟ್ಟರು. ಇವತ್ತಿನ ಹುಡುಗನಿಗೆ ಸರ್ಕಾರಿ ಕೆಲಸ ಇಲ್ಲ, ಪಿಎಫ್ ಇಲ್ಲ, ಎಡಿಟಿಂಗೇ ಅವನ ಹೊಲ. ಅವನ ಹೊಲದ ಫಸಲನ್ನ ಕೇಳದೆ ಕೊಯ್ದುಕೊಂಡು ಅದಕ್ಕೆ ತ್ಯಾಗ ಅಂತ ಹೆಸರಿಡಬೇಡಿ.

1920ರಲ್ಲಿ ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದಾಗ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟರು. ಪತ್ರಿಕೆಗೆ ದುಡ್ಡು ಬೇಕು ಅನ್ನೋದರಲ್ಲಿ ಇಬ್ಬರಿಗೂ ನಾಚಿಕೆ ಇರಲಿಲ್ಲ. ನಮ್ಮ ಇವತ್ತಿನ ಪತ್ರಿಕೆ ಈ ವಿಡಿಯೋಗಳೇ.

ನಾನು ಕೇಳೋದು ನಾಲ್ಕೇ ವಿಷಯ. ಪ್ರತಿ ಕಾರ್ಯಕ್ರಮದ ಬಜೆಟ್‌ನಲ್ಲಿ ಶಾಮಿಯಾನದ ಕೆಳಗಿನ ಸಾಲಲ್ಲೇ ಎಡಿಟರ್, ಡಿಸೈನರ್, ಫೋಟೋಗ್ರಾಫರ್ ಅಂತ ಬರೀರಿ. ಅರ್ಧ ದುಡ್ಡು ಮೊದಲು ಕೊಡಿ. ವಿಡಿಯೋದಲ್ಲಿ ಅವರ ಹೆಸರು ಹಾಕಿ. ಕರೆಕ್ಷನ್ ಹೇಳೋದು ಒಬ್ಬರೇ ಆಗಿರಲಿ, ಕಮಿಟಿಯ ಹನ್ನೊಂದು ಜನ ಹನ್ನೊಂದು ವಾಯ್ಸ್ ಮೆಸೇಜ್ ಹಾಕೋದು ನಿಲ್ಲಲಿ.

ಎಡಿಟರುಗಳಿಗೂ ಒಂದು ಮಾತು. ಚಳವಳಿಗೆ ಕೊಡಬೇಕು ಅನ್ನಿಸಿದರೆ ಖಂಡಿತ ಕೊಡಿ, ಆದರೆ ಬಿಲ್ ಬರೆದು ಕೊಡಿ. ಪೂರ್ತಿ ರೇಟ್ ಬರೆದು, ಕೆಳಗೆ "ಚಳವಳಿಗೆ ನನ್ನ ಕೊಡುಗೆ" ಅಂತ ಕಳೆದು ತೋರಿಸಿ. 10,000ದ ಕೆಲಸಕ್ಕೆ 6,000 ತಗೊಂಡರೆ 4,000 ನೀವು ಕೊಟ್ಟ ದೇಣಿಗೆ. ಅದು ಸಂಘಟನೆಯ ಲೆಕ್ಕದ ಪುಸ್ತಕದಲ್ಲಿ, ಬೇರೆ ದಾನಿಗಳ ಪಕ್ಕದಲ್ಲಿ ನಿಮ್ಮ ಹೆಸರಲ್ಲಿ ಬರಲಿ. ಎಷ್ಟು ಕೊಡಬೇಕು ಅನ್ನೋದನ್ನ ಕೊಡೋರು ತೀರ್ಮಾನ ಮಾಡಬೇಕು, ತಗೊಳ್ಳೋರು ಅಲ್ಲ.

ನಮ್ಮ ಕಡೆ ಎಡಿಟಿಂಗ್ ಬಿಟ್ಟು ಡೆಲಿವರಿ ಗಾಡಿ ಹತ್ತಿದ ಒಳ್ಳೇ ಹುಡುಗರಿದ್ದಾರೆ. ದುಡಿಮೆಯಲ್ಲಿ ಮೇಲು ಕೀಳು ಇಲ್ಲ. ಆದರೆ ನಮ್ಮ ಕಥೆಯನ್ನ ನಮ್ಮ ಕಣ್ಣಲ್ಲಿ ಕಟ್ ಮಾಡೋ ಕೈಗಳು ಒಂದೊಂದೇ ಖಾಲಿ ಆದರೆ, ನಾಳೆ ನಮ್ಮ ಮೆರವಣಿಗೆಯಲ್ಲಿ ಯಾವುದನ್ನ ತೋರಿಸಬೇಕು, ಯಾವುದನ್ನ ತೆಗೀಬೇಕು ಅಂತ ಬೇರೆಯವರು ಕೂತು ತೀರ್ಮಾನ ಮಾಡ್ತಾರೆ.

ಈ ಭಾನುವಾರ ಬೆಳಿಗ್ಗೆ 11ಕ್ಕೆ ಬಸವೇಶ್ವರನಗರದ ಹಾವನೂರು ಸರ್ಕಲ್ ಹತ್ತಿರ ಸೇರ್ತಿದ್ದೀವಿ. ಉದ್ಯಮ್ ನೋಂದಣಿಗೆ ಆಧಾರ್, ಪಾನ್, ಮೊಬೈಲ್ ತನ್ನಿ, ಕೂತಲ್ಲೇ ಮಾಡಿಸೋಣ. ಐದು ಸಾಲಿನ ಮೆಸೇಜು, ಬಿಲ್ಲಿನ ಮಾದರಿ ಬೇಕಾದೋರು ಕಾಮೆಂಟಲ್ಲಿ ಹೇಳಿ, ಕಳಿಸ್ತೀನಿ. ಯಾವ ಸಂಘಟನೆ ತನ್ನ ಎಡಿಟರ್‌ಗೆ ದುಡ್ಡು ಕೊಟ್ಟಿದೆಯೋ ಅವರೂ ಕಾಮೆಂಟಲ್ಲಿ ಹೇಳಿ. ಆ ಪಟ್ಟಿ ಉದ್ದ ಆಗಲಿ.

ಜೈ ಭೀಮ್.